ಹಾನ್ಸನ ಮಗ ಹಾನ್ಸೆನ್, ಕುಪ್ಪಳಿಯ ಪುಟ್ಟಪ್ಪ

ಹೌರಾದಿಂದ ಬ್ಯಾಂಡೆಲ್ ಕಡೆಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಶ್ರೀರಾಮಪುರ ಸಿಗುತ್ತದೆ. ಬಂಗಾಳಿಗಳ ಬಾಯಲ್ಲಿ ಅದು ಶ್ರೀರಾಂಪುರ್, ಇಂಗ್ಲಿಷರ ಬರಹದಲ್ಲಿ ಸೆರಾಂಪೋರ್. 1755ರಿಂದ 1845ರವರೆಗೆ, ಅಂದರೆ ತೊಂಬತ್ತು ವರ್ಷ, ಸರ್ಕಾರಿ ಕಾಗದಗಳಲ್ಲಿ ಈ ಊರಿಗೆ ಇನ್ನೊಂದು ಹೆಸರಿತ್ತು: ಫ್ರೆಡೆರಿಕ್ಸ್‌ನಗರ. ಆ ಕಾಗದಗಳು ಡೆನ್ಮಾರ್ಕಿನ ಸರ್ಕಾರದವು. ನವಾಬ ಅಲಿವರ್ದಿ ಖಾನನಿಂದ ಫರ್ಮಾನು ಪಡೆದು ಹೂಗ್ಲಿ ದಂಡೆಯಲ್ಲಿ ಕೋಠಿ ಕಟ್ಟಿದ ಡೇನರು, ಆಗ ತಮ್ಮನ್ನು ಆಳುತ್ತಿದ್ದ ಐದನೆಯ ಫ್ರೆಡೆರಿಕ್‌ನ ಹೆಸರನ್ನು ನಮ್ಮ 'ನಗರ'ಕ್ಕೆ ಜೋಡಿಸಿದರು. ಮುಂದುಗಡೆ ಅರ್ಧ ಡೇನಿಷ್, ಹಿಂದುಗಡೆ ಅರ್ಧ ಸಂಸ್ಕೃತ. ಕೊನೆಗೆ 1845ರಲ್ಲಿ ಈ ಊರನ್ನೂ ತಮಿಳು ಕರಾವಳಿಯ ತರಂಗಂಬಾಡಿಯನ್ನೂ ಒಟ್ಟಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪನಿಗೆ ಮಾರಿ ಹೋದರು. ಫ್ರೆಡೆರಿಕ್ ಹೋದ, ಶ್ರೀರಾಮ ಉಳಿದ.

ಕೋಲ್ಕತಾದಲ್ಲಿ ಕೆಲಸ ಮಾಡಿಕೊಂಡಿರುವ ಕನ್ನಡಿಗನಿಗೆ ಸ್ಕ್ಯಾಂಡಿನೇವಿಯದ ಹೆಸರುಗಳ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಶ್ರೀರಾಮಪುರದಲ್ಲಿ ಕನ್ನಡಕ್ಕೂ ಒಂದು ಪಾಲಿದೆ ಅನ್ನುವುದು ಒಂದು. ಆ ಜನ ತಮ್ಮ ಹೆಸರುಗಳ ವಿಷಯದಲ್ಲಿ ಇನ್ನೂರು ವರ್ಷಗಳ ಹಿಂದೆ ಎದುರಿಸಿದ ಪ್ರಶ್ನೆಯೇ ಈಗ ನನ್ನ ಮನೆಗೂ ಬಂದು ನಿಂತಿದೆ ಅನ್ನುವುದು ಇನ್ನೊಂದು.

ಫ್ರೆಡೆರಿಕ್‌ನಿಂದಲೇ ಶುರುಮಾಡೋಣ. 'ಫ್ರೆಡ್' ಎಂದರೆ ಶಾಂತಿ, 'ರಿಕ್' ಎಂದರೆ ಒಡೆಯ, ಬಲಶಾಲಿ. 1513ರಿಂದ ಡೆನ್ಮಾರ್ಕಿನ ಗಂಡು ಅರಸರಿಗೆಲ್ಲ ಎರಡೇ ಹೆಸರು: ಒಬ್ಬ ಕ್ರಿಶ್ಚಿಯನ್ ಆದರೆ ಮುಂದಿನವನು ಫ್ರೆಡೆರಿಕ್, ಅವನ ನಂತರ ಮತ್ತೆ ಕ್ರಿಶ್ಚಿಯನ್. ತರಂಗಂಬಾಡಿಗೆ ಡೇನರು ಬಂದಾಗ ನಾಲ್ಕನೆಯ ಕ್ರಿಶ್ಚಿಯನ್, ಶ್ರೀರಾಮಪುರ ಕೈಸೇರಿದಾಗ ಐದನೆಯ ಫ್ರೆಡೆರಿಕ್, ಮಾರಿ ಹೋದಾಗ ಎಂಟನೆಯ ಕ್ರಿಶ್ಚಿಯನ್. 2024ರ ಜನವರಿಯಲ್ಲಿ ರಾಣಿ ಎರಡನೆಯ ಮಾರ್ಗರೇಟ ಪಟ್ಟ ಬಿಟ್ಟಾಗ ಸಿಂಹಾಸನ ಏರಿದವನು ಹತ್ತನೆಯ ಫ್ರೆಡೆರಿಕ್. ಅವನ ಯುವರಾಜನ ಹೆಸರು ಕ್ರಿಶ್ಚಿಯನ್. ಇದು ನಮಗೇನೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜರ ನಂತರ ಚಾಮರಾಜೇಂದ್ರರು, ಅವರ ನಂತರ ನಾಲ್ವಡಿ ಕೃಷ್ಣರಾಜರು. ತಾತನ ಹೆಸರು ಮೊಮ್ಮಗನಿಗೆ ಎಂಬ ನಮ್ಮ ಹಳ್ಳಿಮನೆಗಳ ಪದ್ಧತಿ ಡೇನರ ಅರಮನೆಯಲ್ಲೂ ಇತ್ತು, ಹಟ್ಟಿಯಲ್ಲೂ ಇತ್ತು.

ಶ್ರೀರಾಮಪುರದ ಇನ್ನೊಂದು ಹೆಸರು ಓಲೆ ಬೀ. 1776ರಿಂದ 1805ರಲ್ಲಿ ಸಾಯುವವರೆಗೂ, ನಡುವೆ ಒಂದಿಷ್ಟು ಬಿಡುವು ಬಿಟ್ಟರೆ, ಈ ವಸಾಹತಿನ ಮುಖ್ಯಸ್ಥ ಇವನೇ. ನಾರ್ವೆಯವನು, ಆಗ ನಾರ್ವೆ ಡೆನ್ಮಾರ್ಕಿನ ಅರಸರ ಕೈಯಲ್ಲಿತ್ತು. 'ಓಲೆ' ಎಂಬುದು ಓಲಾಫ್ ಎಂಬ ಹಳೆಯ ಹೆಸರಿನ ಬಳಕೆಯ ರೂಪ. ಪೂರ್ವಜ ಎಂಬ ಒಂದು ಪದ, ಉಳಿದವನು ಅಥವಾ ವಾರಸುದಾರ ಎಂಬ ಇನ್ನೊಂದು ಪದ ಸೇರಿ ಆದ ಹೆಸರು ಅದು: ಹಿರಿಯರು ಬಿಟ್ಟುಹೋದ ಕುಡಿ ಎಂದು ಅರ್ಥ. ನಾರ್ವೆಯ ಪೋಷಕ ಸಂತ ಓಲಾಫ್. ಓಲೆ ಬೀಯ ಕಾಲದಲ್ಲಿ ಶುರುವಾಗಿ 1806ರಲ್ಲಿ ಮುಗಿದ ಶ್ರೀರಾಮಪುರದ ಚರ್ಚಿಗೂ ಅದೇ ಸಂತನ ಹೆಸರು. ಅದರ ಮುಂಭಾಗದಲ್ಲಿ ಏಳನೆಯ ಕ್ರಿಶ್ಚಿಯನ್ ಅರಸನ ಮೊಹರಿನ ಅಕ್ಷರಗಳು ಈಗಲೂ ಕಾಣುತ್ತವೆ. ಜೀರ್ಣವಾಗಿದ್ದ ಈ ಚರ್ಚನ್ನು ದುರಸ್ತಿ ಮಾಡಿದ ಕೆಲಸಕ್ಕೆ 2016ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಬಂತು.

ಇಂಗ್ಲಿಷ್ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಸೇರಿಸಿಕೊಳ್ಳದ ಕಾಲ ಅದು. 1800ರಲ್ಲಿ ವಿಲಿಯಂ ಕೇರಿ ಮತ್ತು ಅವನ ಜೊತೆಗಾರರಿಗೆ ಜಾಗ ಕೊಟ್ಟವನು ಓಲೆ ಬೀ. ಅವರು ಅಲ್ಲಿ ಅಚ್ಚುಕೂಟ ಹಾಕಿದರು, ಭಾರತದ ಒಂದೊಂದೇ ಲಿಪಿಗೆ ಮೊಳೆ ಕೊರೆಸಿದರು. 1817ರಲ್ಲಿ ಅದೇ ಅಚ್ಚುಕೂಟದಿಂದ ಕೇರಿಯ ಕರ್ನಾಟ ಭಾಷೆಯ ವ್ಯಾಕರಣ ಹೊರಬಂತು. ಇಂಗ್ಲಿಷಿನಲ್ಲಿ ಬರೆದ, ಕನ್ನಡದ ಅಚ್ಚುಮೊಳೆಗಳನ್ನು ಬಳಸಿದ ಆ ಪುಸ್ತಕದಿಂದಲೇ ಕನ್ನಡ ಮುದ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಶುರುಮಾಡುತ್ತೇವೆ. ತಾಳೆಯ ಓಲೆಯ ಮೇಲಿದ್ದ ನಮ್ಮ ಅಕ್ಷರಗಳು ಕಾಗದಕ್ಕೆ ಇಳಿದ ಅಚ್ಚುಕೂಟಕ್ಕೆ ಆಶ್ರಯ ಕೊಟ್ಟವನ ಹೆಸರೂ ಓಲೆ! ಎರಡು ಪದಗಳಿಗೆ ಏನೇನೂ ಸಂಬಂಧವಿಲ್ಲ, ಆದರೂ ಕನ್ನಡದ ಕಿವಿ ಸುಮ್ಮನಿರುವುದಿಲ್ಲ.

ಓಲಾಫ್‌ನಂತೆ ಆ ನಾಡಿನ ಹಳೆಯ ಹೆಸರುಗಳೆಲ್ಲ ಹೆಚ್ಚಾಗಿ ಸಮಾಸಪದಗಳು. ಸಿಗ್ರಿದ್ ಎಂದರೆ ಗೆಲುವು ಮತ್ತು ಚೆಲುವು. ಆಸ್ಟ್ರಿದ್ ಎಂದರೆ ದೇವರು ಮತ್ತು ಚೆಲುವು. ಥೋರ್‌ಸ್ಟೈನ್ ಎಂದರೆ ಗುಡುಗಿನ ದೇವರಾದ ಥೋರ್‌ನ ಕಲ್ಲು. ಬ್ಯೋರ್ನ್ ಎಂದರೆ ಕರಡಿ, ಉಲ್ಫ್ ಎಂದರೆ ತೋಳ. ಈ ಉಲ್ಫ್ ನಮಗೆ ದೂರದ ನೆಂಟ. ಸಂಸ್ಕೃತದ 'ವೃಕ'ವೂ ಅದೂ ಒಂದೇ ಬೇರಿನಿಂದ ಒಡೆದ ಪದಗಳು. ಭೀಮನನ್ನು ವೃಕೋದರ ಎನ್ನುವಾಗ ನಾವು ಕರೆಯುವುದು ಅದೇ ತೋಳವನ್ನು. ಹರಾಲ್ಡ್ ಎಂದರೆ ಸೇನೆಯ ಒಡೆಯ. ಹತ್ತನೆಯ ಶತಮಾನದ ಡೇನಿಷ್ ಅರಸ ಹರಾಲ್ಡನಿಗೆ 'ನೀಲಿ ಹಲ್ಲಿನವನು' ಎಂಬ ಅಡ್ಡಹೆಸರಿತ್ತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಾಡುವ ನಾವೆಲ್ಲ ದಿನಕ್ಕೆ ಹತ್ತು ಸಲ ಅವನ ಹೆಸರು ಹೇಳುತ್ತೇವೆ: ಬ್ಲೂಟೂತ್. ಆ ಚಿಹ್ನೆ ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಕೂಡಿಸಿ ಬರೆದದ್ದು.

ಇಲ್ಲಿಯವರೆಗಿನದು ಕರೆಯುವ ಹೆಸರಿನ ಮಾತು. ಅದರ ಮುಂದೆ ಬರುವ 'ಸೆನ್' ಎಂಬ ಬಾಲದ ಕತೆ ಬೇರೆ. ತರಂಗಂಬಾಡಿಯಲ್ಲಿ ಡೇನರ ಕೊನೆಯ ಗವರ್ನರ್ ಪೇಡರ್ ಹಾನ್ಸೆನ್. ಪೇಡರ್ ಎಂದರೆ ಪೀಟರ್, ಗ್ರೀಕಿನ ಬಂಡೆ. ಹಾನ್ಸೆನ್ ಎಂದರೆ ಹಾನ್ಸನ ಮಗ. ಹಾನ್ಸ್ ಎನ್ನುವುದು ಯೊಹಾನೆಸ್‌ನ ಮೊಟಕು ರೂಪ, ಮೂಲ ಹೀಬ್ರೂ. ಯೆನ್ಸ್ ಕೂಡ ಅದೇ ಯೊಹಾನೆಸ್; ಆದ್ದರಿಂದ ಯೆನ್ಸೆನ್ ಮತ್ತು ಹಾನ್ಸೆನ್ ಅರ್ಥದಲ್ಲಿ ಒಂದೇ. ನೀಲ್ಸ್ ಗ್ರೀಕಿನ ನಿಕೊಲಾಸ್. ಇವತ್ತು ಡೆನ್ಮಾರ್ಕಿನಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿರುವ ಮನೆತನದ ಹೆಸರುಗಳು ನೀಲ್ಸೆನ್, ಯೆನ್ಸೆನ್, ಹಾನ್ಸೆನ್. ಪಕ್ಕಾ ಡೇನಿಷ್ ಎನ್ನಿಸುವ ಈ ಹೆಸರುಗಳಲ್ಲಿ ಡೇನಿಷ್ ಆಗಿರುವುದು ಬಾಲ ಮಾತ್ರ; ಉಳಿದದ್ದು ಧರ್ಮದ ಜೊತೆ ದಕ್ಷಿಣದಿಂದ ಬಂದದ್ದು. ನಮ್ಮ ವೆಂಕಟಪ್ಪ, ರಾಮಯ್ಯ, ಲಕ್ಷ್ಮಮ್ಮಗಳಲ್ಲಿ ದೇವರ ಹೆಸರು ಎಲ್ಲಿಂದಲೇ ಬಂದಿರಲಿ, ಅಪ್ಪ, ಅಯ್ಯ, ಅಮ್ಮ ಮಾತ್ರ ನಮ್ಮವೇ ಇದ್ದ ಹಾಗೆ.

ಕೋಲ್ಕತಾದಲ್ಲಿ ಸೆನ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬೇರೆಯೇ ಸೇನ್. ಅದಕ್ಕೂ ಇದಕ್ಕೂ ನಂಟಿಲ್ಲ. ಆದರೆ ಬಂಗಾಳವನ್ನು ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಆಳಿದ ವಿಜಯಸೇನ, ಬಲ್ಲಾಳಸೇನ, ಲಕ್ಷ್ಮಣಸೇನರು ತಾವು ಕರ್ಣಾಟ ಮೂಲದ ಕ್ಷತ್ರಿಯರು ಎಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಬಲ್ಲಾಳ ಎಂಬ ಹೆಸರು ಹೊಯ್ಸಳರ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೋಲ್ಕತಾಗೆ ಬಂದ ಕನ್ನಡಿಗರಲ್ಲಿ ನಾವೇ ಮೊದಲಿಗರು ಎಂದು ಬೀಗುವ ಹಾಗಿಲ್ಲ.

ಸೆನ್‌ನ ಮುಖ್ಯ ಸಂಗತಿ ಏನೆಂದರೆ, ಮೊದಲು ಅದು ಮನೆತನದ ಹೆಸರೇ ಆಗಿರಲಿಲ್ಲ. ಅದು ಪ್ರತಿ ತಲೆಮಾರಿಗೂ ಬದಲಾಗುವ ಒಂದು ಉತ್ತರ. ಯಾರ ಮಗನಪ್ಪಾ ನೀನು? ಹಾನ್ಸನ ಮಗ. ಪೇಡರ್ ಹಾನ್ಸೆನ್‌ನ ಮಗ ಹಾನ್ಸೆನ್ ಆಗುತ್ತಿರಲಿಲ್ಲ, ಪೇಡರ್ಸೆನ್ ಆಗುತ್ತಿದ್ದ. ತಾತನ ಹೆಸರಿಟ್ಟಿದ್ದರೆ ಹಾನ್ಸ್ ಪೇಡರ್ಸೆನ್. ಮಗಳು ಹುಟ್ಟಿದರೆ 'ದಾಟರ್' ಎಂಬ ಬಾಲ ಸೇರಿ ಪೇಡರ್ಸ್‌ದಾಟರ್, ಪೇಡರನ ಮಗಳು; ಮದುವೆಯಾದರೂ ಅದು ಬದಲಾಗುತ್ತಿರಲಿಲ್ಲ. ನಾರ್ವೆಯ ರೈತರು ಇದಕ್ಕೆ ಮೂರನೆಯ ಪದವೊಂದನ್ನು ಸೇರಿಸುತ್ತಿದ್ದರು: ತಾವು ಇರುವ ಜಮೀನಿನ ಹೆಸರು. ತನ್ನ ಹೆಸರು, ಅಪ್ಪನ ಹೆಸರು, ಜಾಗದ ಹೆಸರು.

ಇದನ್ನು ಹಿಂದುಮುಂದಾಗಿ ಓದಿ ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಊರು, ಅಪ್ಪ, ತಾನು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ: ಅದೇ ಲೆಕ್ಕ. ಹಳೇ ಮೈಸೂರಿನ ಇನಿಷಿಯಲ್ಲೂ ನಾರ್ವೆಯ ರೈತನ ಹೆಸರೂ ಒಂದೇ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಯಾವೂರು, ಯಾರ ಮಗ. ಸಂತೆಯಲ್ಲಿ, ಮದುವೆಮನೆಯಲ್ಲಿ ಇದಕ್ಕಿಂತ ಹೆಚ್ಚಿನದು ಬೇಕಾಗುವುದೂ ಇಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ನಾರ್ವೆಯವನು ಜಮೀನು ಬದಲಾಯಿಸಿದರೆ ಅವನ ಮೂರನೆಯ ಪದವೂ ಬದಲಾಗುತ್ತಿತ್ತು, ಅದು ವಿಳಾಸ. ನಾವು ಊರು ಬಿಟ್ಟು ಮೂರು ತಲೆಮಾರಾದರೂ ಅದರ ಮೊದಲಕ್ಷರ ಬಿಡುವುದಿಲ್ಲ.

ಹೀಗೆ ಹರಿಯುತ್ತಿದ್ದ ಹೆಸರು ಹೆಪ್ಪುಗಟ್ಟಿದ್ದು ಯಾಕೆ? ದೂರದಲ್ಲಿ ಕೂತು ಪಟ್ಟಿ ಬರೆಯುವವನಿಗೆ ಅನುಕೂಲವಾಗಲಿ ಎಂದು. ಮೊದಲು ಸಿಕ್ಕಿಕೊಂಡವರು ಶ್ರೀಮಂತರು. 1526ರಲ್ಲಿ ಒಂದನೆಯ ಫ್ರೆಡೆರಿಕ್ ಡೆನ್ಮಾರ್ಕಿನ ಕುಲೀನರಿಗೆ ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಲು ಹೇಳಿದ. ಹಲವರು ತಮ್ಮ ಗುರಾಣಿಯ ಮೇಲಿದ್ದ ಲಾಂಛನವನ್ನೇ ಹೆಸರಾಗಿಸಿಕೊಂಡರು. ಹ್ಯಾಮ್ಲೆಟ್ ಓದಿದವರಿಗೆ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಗೊತ್ತು: ಒಂದು ಗುಲಾಬಿಯ ಹಾರ, ಇನ್ನೊಂದು ಹೊನ್ನಿನ ನಕ್ಷತ್ರ. ಎರಡೂ ಶೇಕ್ಸ್‌ಪಿಯರ್ ಕಟ್ಟಿದ ಹೆಸರುಗಳಲ್ಲ, ಡೆನ್ಮಾರ್ಕಿನ ನಿಜವಾದ ಮನೆತನಗಳು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ತರಂಗಂಬಾಡಿಯಲ್ಲಿ ನೆಲೆ ಹಾಕಿದ ದಳಪತಿ ಓವೆ ಗೆಡ್ಡೆಯೂ ಕುಲೀನನೇ. ನಮ್ಮ ಕಿವಿಗೆ ಹಿತ್ತಲಿನ ಗೆಡ್ಡೆ ಅನ್ನಿಸಿದರೂ ಅವರ ಭಾಷೆಯಲ್ಲಿ ಗೆಡ್ಡೆ ಎಂದರೆ ಸಿಹಿನೀರಿನ ಒಂದು ಬೇಟೆಗಾರ ಮೀನು.

ಆಮೇಲೆ ಬಂದವರು ಓದಿದವರು. ಸ್ವೀಡನ್ನಿನ ನೀಲ್ಸ್ ಇಂಗೆಮಾರ್ಸನ್, ಅಂದರೆ ಇಂಗೆಮಾರನ ಮಗ ನೀಲ್ಸ್, ಲುಂಡ್ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅಲ್ಲಿ ಮನೆತನದ ಹೆಸರು ಬೇಕಾಯಿತು. ಮನೆಯ ಜಮೀನಿನಲ್ಲಿ ದೊಡ್ಡದೊಂದು ಲಿಂಡ್ ಮರವಿತ್ತು. ಅದನ್ನು ಲ್ಯಾಟಿನ್ ಮಾಡಿ ಲಿನೇಯಸ್ ಎಂದು ಬರೆಸಿದ. ಅವನ ಮಗ ಕಾರ್ಲ್ ಲಿನೇಯಸ್ ಮುಂದೆ ಜಗತ್ತಿನ ಗಿಡಮರಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟ. ಶಿವಪುರದ ಬಟಾನಿಕಲ್ ಗಾರ್ಡನ್ನಿನ ಫಲಕಗಳಲ್ಲಿ ಗಿಡದ ಹೆಸರಿನ ಕೊನೆಗೆ ಕಾಣುವ ರೋಮನ್ ಲಿಪಿಯ ಒಂಟಿ 'ಎಲ್' ಅವನದೇ ರುಜು. ಜಗತ್ತಿಗೆಲ್ಲ ಹೆಸರಿಟ್ಟವನ ಸ್ವಂತ ಮನೆತನದ ಹೆಸರು ಹುಟ್ಟಿದ್ದು ಅಪ್ಪನ ಕಾಲೇಜು ದಾಖಲಾತಿಯಲ್ಲಿ! ಅದೇ ಮರದಿಂದ ಅವರ ನೆಂಟರು ಟಿಲಿಯಾಂಡರ್ ಎಂಬ ಹೆಸರನ್ನೂ ಕಟ್ಟಿಕೊಂಡರು. ಟಿಲಿಯಾ ಆ ಮರದ ಲ್ಯಾಟಿನ್ ಹೆಸರು. 'ಆಂಡರ್' ಎಂಬುದು ಮನುಷ್ಯ ಎನ್ನುವ ಗ್ರೀಕ್ ಪದದಿಂದ ಬಂದದ್ದು, ಓದಿದ ಸ್ವೀಡಿಷರ ಅಚ್ಚುಮೆಚ್ಚಿನ ಬಾಲ. ಈ ಬಾಲ ಕೋಲ್ಕತಾಗೂ ಬಂದಿದೆ. ಬಿಬಿಡಿ ಬಾಗ್ ಹತ್ತಿರದ ಓಲ್ಡ್ ಮಿಷನ್ ಚರ್ಚ್, ಜನ ಲಾಲ್ ಗಿರ್ಜಾ ಎನ್ನುವುದು, ಕಟ್ಟಿಸಿದವನು ಸ್ವೀಡನ್ನಿನ ಮಿಷನರಿ ಕೀರ್ನಾಂಡರ್. ಕಡಲೂರಿನಿಂದ 1758ರಲ್ಲಿ ಇಲ್ಲಿಗೆ ಬಂದ, 1770ರಲ್ಲಿ ಚರ್ಚು ತೆರೆದ, 1799ರಲ್ಲಿ ಇಲ್ಲೇ ತೀರಿಕೊಂಡ.

ಸೈನ್ಯದ ಕತೆ ಇನ್ನೂ ತಮಾಷೆಯದು. ಒಂದೇ ತುಕಡಿಯಲ್ಲಿ ಹತ್ತು ಜನ ಆಂಡರ್ಸನ್ ಇದ್ದರೆ ಹಾಜರಿ ಕೂಗುವುದು ಹೇಗೆ? ಸ್ವೀಡನ್ನಿನಲ್ಲಿ ಸೈನಿಕರಿಗೆ ಚಿಕ್ಕ ಚಿಕ್ಕ ಹೆಸರು ಅಂಟಿಸಿದರು: ರಾಸ್ಕ್ ಎಂದರೆ ಚುರುಕಿನವನು, ಮೂಡಿಗ್ ಎಂದರೆ ಧೈರ್ಯಸ್ಥ, ಶೋಲ್ಡ್ ಎಂದರೆ ಗುರಾಣಿ. ಹಲವು ಮನೆಗಳಲ್ಲಿ ಅವೇ ಮನೆತನದ ಹೆಸರಾಗಿ ನಿಂತವು.

ಕೊನೆಗೆ ಉಳಿದವರು ಸಾಮಾನ್ಯ ಜನ. 1828ರಲ್ಲಿ ಡೆನ್ಮಾರ್ಕಿನ ಸರ್ಕಾರ ದೀಕ್ಷಾಸ್ನಾನದ ಸಮಯದಲ್ಲೇ ಮಗುವಿಗೆ ಮನೆತನದ ಹೆಸರನ್ನೂ ಬರೆಸಬೇಕು ಎಂದು ಆಜ್ಞೆ ಮಾಡಿತು. ಹೆಚ್ಚಿನವರು ಅಂದು ಬಾಯಲ್ಲಿದ್ದ ಅಪ್ಪನ ಹೆಸರನ್ನೇ ಬರೆಸಿದರು. ಹಳ್ಳಿಗಳು ಮುಂದೆ ಎಷ್ಟೋ ದಶಕ ಹಳೆಯ ದಾರಿಯಲ್ಲೇ ನಡೆದರೂ ಹೆಪ್ಪು ನಿಧಾನಕ್ಕೆ ಗಟ್ಟಿಯಾಯಿತು. ಸ್ವೀಡನ್ನಿನಲ್ಲಿ 1901ರ ನಿಯಮ, ನಾರ್ವೆಯಲ್ಲಿ 1923ರ ಕಾನೂನು ಅದೇ ಕೆಲಸ ಮಾಡಿದವು. ಹೀಗೆ ಯಾವನೋ ಒಬ್ಬ ಹಾನ್ಸ್ ಸತ್ತು ಇನ್ನೂರು ವರ್ಷವಾದ ಮೇಲೂ ಅವನ ಮರಿಮೊಮ್ಮಕ್ಕಳ ಮಕ್ಕಳೆಲ್ಲ 'ಹಾನ್ಸನ ಮಗ'ರಾಗಿಯೇ ಉಳಿದರು. ಹೆಣ್ಣುಮಕ್ಕಳೂ! ದಾಟರ್ ಎಂಬ ಬಾಲ ದಾಖಲೆಗಳಿಂದ ಸದ್ದಿಲ್ಲದೆ ಬಿದ್ದುಹೋಯಿತು. ಇವತ್ತು ಕೋಪನ್‌ಹೇಗನ್ನಿನ ಹೆಂಗಸೊಬ್ಬಳು ಹಾನ್ಸೆನ್ ಎಂದು ರುಜು ಹಾಕಿದರೆ, ಅಕ್ಷರಶಃ ಅವಳು ತನ್ನನ್ನು ಯಾರದೋ ಮಗ ಎಂದು ಹೇಳಿಕೊಂಡ ಹಾಗೆ.

ಐಸ್‌ಲ್ಯಾಂಡ್ ಮಾತ್ರ ಬಗ್ಗಲಿಲ್ಲ. 1925ರಲ್ಲಿ ಅವರು ಕಾನೂನು ಮಾಡಿದ್ದು ಹೊಸ ಮನೆತನದ ಹೆಸರುಗಳನ್ನು ತಡೆಯುವುದಕ್ಕೆ. ಅಲ್ಲಿ ಇಂದಿಗೂ ಅಪ್ಪನ ಹೆಸರು, ಬೇಕಾದರೆ ಅಮ್ಮನ ಹೆಸರು. 1980ರಲ್ಲಿ ಅಧ್ಯಕ್ಷೆಯಾಗಿ ಆರಿಸಿ ಬಂದ ವಿಗ್ದಿಸ್ ಫಿನ್‌ಬೊಗಾದೋತ್ತಿರ್ ಫಿನ್‌ಬೊಗಿಯ ಮಗಳು. ಫೋನ್ ಡೈರೆಕ್ಟರಿಯೂ ಕರೆಯುವ ಹೆಸರಿನ ಅಕಾರಾದಿಯಲ್ಲೇ ಇರುತ್ತಿತ್ತು.

ಈಗ ನಮ್ಮ ಮನೆಯ ಮಾತು. ಬಂಗಾಳದಲ್ಲಿ ಮನೆತನದ ಹೆಸರಿಗೆ 'ಟೈಟಲ್' ಎನ್ನುತ್ತಾರೆ. ಬಂದ ಮೊದಲ ವಾರದಲ್ಲೇ ಬಾಡಿಗೆ ಮನೆಯ ಯಜಮಾನರು, ಗ್ಯಾಸಿನವರು, ಆಫೀಸಿನವರು ಎಲ್ಲರೂ ಕೇಳಿದ್ದು ಒಂದೇ: ನಿಮ್ಮ ಟೈಟಲ್ ಏನು? ಅವರಿಗೆ ಅದು ಸಹಜ. ಶ್ರೀರಾಮಪುರದ ಅಚ್ಚುಕೂಟಕ್ಕೆ ಮೊಳೆ ಕೊರೆದ ಪಂಚಾನನ ಕರ್ಮಕಾರರ ಹೆಸರಲ್ಲೇ ಕಸುಬು ಇದೆ. ಕರ್ಮಕಾರ ಎಂದರೆ ಕಮ್ಮಾರ. ನನ್ನ ಹೆಂಡತಿ ಧಾರವಾಡದ ಕಡೆಯವಳು, ಅವರಲ್ಲೂ ಅಡ್ಡಹೆಸರು ಉಂಟು: ಕಂಬಾರ, ಬಡಿಗೇರ, ಪತ್ತಾರ ಎನ್ನುವ ಹಾಗೆ. ಹಳೇ ಮೈಸೂರಿನ ನನಗೆ ಇರುವುದು ಎರಡು ಇನಿಷಿಯಲ್. ಬಿಡಿಸಿ ಬರೆದಾಗ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದ ಕರೆಯತೊಡಗಿದರು. ಮೀಟಿಂಗಿನಲ್ಲಿ ಯಾರಾದರೂ ಆ ಹೆಸರು ಹಿಡಿದು ಕೆಲಸ ಯಾಕೆ ತಡವಾಯಿತು ಎಂದು ಗದರಿದಾಗ, ಊರಲ್ಲಿ ತೋಟದ ಬದಿಯಲ್ಲಿ ಕೂತಿರುವ ಅಪ್ಪನನ್ನೇ ಗದರಿದ ಹಾಗೆ ಕೇಳುತ್ತದೆ.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ಎರಡೇ ಕಾಲಮ್ಮು, ಕೊಟ್ಟ ಹೆಸರು ಮತ್ತು ಸರ್‌ನೇಮ್. ಒಂದನ್ನು ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಎನ್ನುವ ಅರ್ಥದ ಮೂರು ಅಕ್ಷರ ಬೀಳುತ್ತವೆ. 2022ರ ನವೆಂಬರಿನಲ್ಲಿ ಯುಎಇ, ಒಂದೇ ಪದದ ಹೆಸರಿರುವ ಪ್ರವಾಸಿಗಳನ್ನು ಬಿಡುವುದಿಲ್ಲ ಎಂದಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಯಾರ ಮಗ ಎಂಬ ಹಳೆಯ ಪ್ರಶ್ನೆಯೇ ಕೊನೆಗೆ ವಿಮಾನ ಹತ್ತಿಸಿತು! ನಮಗೆ 1828ರ ಹಾಗೆ ಯಾವ ರಾಜಾಜ್ಞೆಯೂ ಬಂದಿಲ್ಲ. ಆದರೆ ಬೆಂಗಳೂರಿನಲ್ಲಿ, ಕೋಲ್ಕತಾದಲ್ಲಿ, ನ್ಯೂಜೆರ್ಸಿಯಲ್ಲಿ ನಮ್ಮ ಮನೆಗಳಲ್ಲಿ ಹೆಪ್ಪು ಹಾಕುವ ಕೆಲಸ ಒಂದೊಂದೇ ಅರ್ಜಿಯಲ್ಲಿ ನಡೆಯುತ್ತಿದೆ. ಯಾರೋ ಒಬ್ಬ ರಂಗಪ್ಪ ತನಗೆ ಗೊತ್ತೇ ಇಲ್ಲದೆ ಒಂದು ವಂಶದ ಟೈಟಲ್ ಆಗುತ್ತಾನೆ.

ನಮಗೆ ಮಗಳು ಹುಟ್ಟಿ ಹತ್ತು ತಿಂಗಳಾಯಿತು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. 1969ರ ಕಾನೂನಿನ ಪ್ರಕಾರ ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಕರೆಯುವ ಹೆಸರು ಗೊತ್ತಾಗಿದೆ, ಅದರ ಪಕ್ಕದ್ದೇ ಚರ್ಚೆ. ನನ್ನ ಅಪ್ಪನ ಹೆಸರು ಹಾಕಿದರೆ ಅವಳು ಹಾನ್ಸೆನ್ ಆಗುತ್ತಾಳೆ, ಅವಳದಲ್ಲದ ಅಪ್ಪನ 'ಮಗ'. ನನ್ನ ಹೆಸರು ಹಾಕಿದರೆ ಈಗ ಸರಿ; ಆದರೆ ಮುಂದೆ ಅವಳ ಮಕ್ಕಳಿಗೂ ಅದೇ ಅಂಟಿಕೊಂಡರೆ? ನಾನು ನಾರ್ವೆಯವರ ದಾರಿ ಹಿಡಿದು ಊರಿನ ಹೆಸರು ಇಡೋಣ ಎಂದೆ. ಊರಿಗೆ ಗಂಡು ಹೆಣ್ಣು ಎಂಬುದಿಲ್ಲ. "ಹೌದ್ರೀ, ಆದ್ರ ಆಕಿ ಹುಟ್ಟಿದ್ದು ಇಲ್ಲಿ. ಆಕಿ ಊರು ಯಾವ್ದು?" ಎಂದಳು ಹೆಂಡತಿ. ನಾರ್ವೆಯ ರೈತ ಕೇಳಬಹುದಾದ ಪ್ರಶ್ನೆಯೇ ಅದು.

ಉತ್ತರ ಹುಡುಕುವುದಕ್ಕೆ ಎರಡು ವಾರ ಹಿಡಿಯಿತು. ಊರಿನ ಹೆಸರನ್ನೇ ಬರೆಸುವುದೆಂದು ಗೊತ್ತುಮಾಡಿದೆವು. ಅದು ಅವಳ ವಿಳಾಸವಲ್ಲ, ನಾವು ಎಲ್ಲಿಂದ ಬಂದೆವು ಎಂಬುದರ ಗುರುತು ಅಷ್ಟೆ. ಬೇಡವೆನಿಸಿದರೆ ಹದಿನೆಂಟು ತುಂಬಿದ ಮೇಲೆ ಅವಳೇ ಬದಲಾಯಿಸಿಕೊಳ್ಳಲಿ. ಇಷ್ಟರೊಳಗೆ ಪಕ್ಕದ ಮನೆಯ ಮಾಶೀಮಾ, ಇಲ್ಲಿಯ ಎಲ್ಲ ಮಕ್ಕಳಿಗೂ ಇರುವ ಹಾಗೆ, ಅವಳಿಗೊಂದು ಡಾಕ್ ನಾಮ್ ಇಟ್ಟಿದ್ದಾರೆ. ಅವಳು ತಿರುಗಿ ನೋಡುವುದು ಅದಕ್ಕೆ ಮಾತ್ರ. ಆ ಹೆಸರಿಗೆ ಯಾವ ಅರ್ಜಿಯಲ್ಲೂ ಕಾಲಮ್ಮಿಲ್ಲ.